ಕೂಲಿ ನೇಯ್ಗೆ, ಸ್ವಂತ ಸೀರೆ: ವಿಡಿಯೋ ಗೇಮ್ ಜಾತ್ರೆಗೆ ನಮ್ಮ ದಾರಿ

 

ಇವತ್ತು ಒಂದು ವಿಚಿತ್ರ ಸಂಗತಿಯಿಂದ ಶುರು ಮಾಡ್ತೀನಿ. ಚಾರ್ಲಿ ಚಾಪ್ಲಿನ್ ರೂಪವನ್ನು ಮೊಬೈಲ್ ಗೇಮ್‌ಗಳಲ್ಲಿ ಬಳಸೋ ಹಕ್ಕನ್ನು ಸುಮಾರು ಇಪ್ಪತ್ತು ವರ್ಷದ ಹಿಂದೆ ಕೊಂಡವರು ಯಾರು ಗೊತ್ತಾ? ಬೆಂಗಳೂರಿನ ಧ್ರುವ ಇಂಟರಾಕ್ಟಿವ್. 1997ರಲ್ಲಿ ರಾಜೇಶ್ ರಾವ್ ಕಟ್ಟಿದ ಈ ಕಂಪನಿ ಭಾರತದ ಮೊದಮೊದಲ ಗೇಮ್ ಸ್ಟುಡಿಯೋಗಳಲ್ಲಿ ಒಂದು. ಆದರೆ ಅದರ ಹೊಟ್ಟೆಪಾಡು ಹೆಚ್ಚಾಗಿ ನಡೆದದ್ದು ಹೊರದೇಶದ ಸ್ಟುಡಿಯೋಗಳಿಗೆ ಚಿತ್ರ ಮಾಡಿಕೊಟ್ಟು. ಫೋರ್ಜಾ ರೇಸಿಂಗ್ ಆಟದಲ್ಲಿ ಓಡೋ ಕಾರುಗಳಲ್ಲಿ ಎಷ್ಟೋ ಇಲ್ಲೇ ರೂಪ ಪಡೆದವು. 2019ರಲ್ಲಿ ಜಿಟಿಎ ಮಾಡೋ ರಾಕ್‌ಸ್ಟಾರ್ ಕಂಪನಿ ಇದನ್ನು ಕೊಂಡುಕೊಂಡಿತು.

ನಾನು ದೊಡ್ಡಬಳ್ಳಾಪುರದವನು, ಮಗ್ಗದ ಸದ್ದಲ್ಲೇ ಬೆಳೆದವನು. ಹಾಗಾಗಿ ಈ ವ್ಯವಹಾರ ನನಗೆ ಬೇಗ ಅರ್ಥ ಆಗುತ್ತೆ. ನಮ್ಮಲ್ಲಿ ಇದಕ್ಕೆ ಕೂಲಿ ನೇಯ್ಗೆ ಅಂತಾರೆ. ಮಾಲೀಕರು ನೂಲು ಕೊಡ್ತಾರೆ, ಡಿಸೈನ್ ಕೊಡ್ತಾರೆ, ನೇಯುವವರು ನೇಯ್ದು ಕೂಲಿ ಎಣಿಸಿಕೊಳ್ತಾರೆ. ಸೀರೆ ಅಂಗಡಿ ಸೇರಿದ ಮೇಲೆ ಅಂಗಡಿಯ ಹೆಸರು. ಕೂಲಿ ನೇಯ್ಗೆಯಲ್ಲಿ ಅವಮಾನ ಏನಿಲ್ಲ, ಕೈ ಪಳಗೋದೇ ಅಲ್ಲಿ. ಆದರೆ ಕಥೆ ನಮ್ಮದಾಗಲ್ಲ.

ಹೆಸರು ಕಳೆದುಹೋಗೋದು ಆಟಗಳ ಲೋಕದಲ್ಲಿ ಹೊಸದೇನಲ್ಲ. ನಮ್ಮ ಪಗಡೆಯ ನೆಂಟ ಪಚೀಸಿ ಹಡಗು ಹತ್ತಿ ಇಂಗ್ಲೆಂಡಿಗೆ ಹೋಯ್ತು. ಅಲ್ಲಿ ಕವಡೆ ಬಿಟ್ಟು ದಾಳ ಹಿಡಿದು, 1896ರಲ್ಲಿ ಪೇಟೆಂಟ್ ಮಾಡಿಸಿಕೊಂಡು ಲೂಡೋ ಆಯ್ತು. ಲ್ಯಾಟಿನ್‌ನಲ್ಲಿ ಲೂಡೋ ಅಂದ್ರೆ 'ನಾನು ಆಡ್ತೀನಿ'. ಆಡಿದ್ದೇನೋ ನಿಜ, ಆದರೆ ಯಾರ ಆಟ ಅನ್ನೋದು ಡಬ್ಬಿ ಮೇಲೆ ಇರಲಿಲ್ಲ. ಅದೇ ಆಟ ನೂರಕ್ಕೂ ಹೆಚ್ಚು ವರ್ಷ ಕಳೆದು, ಲೂಡೋ ಕಿಂಗ್ ಆಗಿ ನಿಮ್ಮ ಫೋನಿಗೆ ವಾಪಸ್ ಬಂತು. ಲಾಕ್‌ಡೌನ್‌ನಲ್ಲಿ ನೀವೂ ಆಡಿರ್ತೀರಿ.

ಈಗ ಇಂಡೀ ಗೇಮ್ ಪ್ರದರ್ಶನಗಳ ವಿಷಯಕ್ಕೆ ಬರೋಣ. ದೊಡ್ಡ ಕಂಪನಿಯ ಹಂಗಿಲ್ಲದೆ, ನಾಲ್ಕೈದು ಜನ ಸೇರಿ ಮಾಡೋ ಆಟಗಳ ಜಾತ್ರೆ ಇದು. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆ ನೋಡಿದ್ದೀರಲ್ಲ? ರೈತನೇ ಹಗ್ಗ ಹಿಡ್ಕೊಂಡು ತನ್ನ ಎತ್ತಿನ ಪಕ್ಕ ನಿಂತಿರ್ತಾನೆ. ತಳಿ ಯಾವುದು, ಏನು ಮೇವು ಹಾಕಿದೆ, ಎಲ್ಲಾ ಅವನೇ ಹೇಳ್ತಾನೆ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಡೆಯೋ ಇಂಡಿಪೆಂಡೆಂಟ್ ಗೇಮ್ಸ್ ಫೆಸ್ಟಿವಲ್ ಕೂಡ ಹಾಗೇ. ಅಂತಿಮ ಸುತ್ತಿಗೆ ಬಂದ ಆಟಗಳನ್ನು ಅಲ್ಲೇ ಆಡೋಕೆ ಇಟ್ಟಿರ್ತಾರೆ. ಮಾಡಿದವರನ್ನೇ ಮಾತಾಡಿಸಬಹುದು.

ಭಾರತದಿಂದ ಹೀಗೆ ಹೊರಟವರಲ್ಲಿ ಪುಣೆಯ ನಾಡಿಂಗ್ ಹೆಡ್ಸ್ ತಂಡದ ಕಥೆ ಹೇಳಲೇಬೇಕು. ಅವರ 'ರಾಜಿ' ಆಟಕ್ಕೆ ಕಿಕ್‌ಸ್ಟಾರ್ಟರ್‌ನಲ್ಲಿ ಕೇಳಿದ ದುಡ್ಡು ಹುಟ್ಟಲಿಲ್ಲ. ಸ್ಥಾಪಕರಲ್ಲೊಬ್ಬರಾದ ಶ್ರುತಿ ಘೋಷ್ ತಮ್ಮ ಫ್ಲ್ಯಾಟ್ ಮಾರಿ ತಂಡ ನಡೆಸಿದರು. 2020ರ ಆಗಸ್ಟ್ 18ರಂದು ನಿಂಟೆಂಡೊದ ಇಂಡೀ ವರ್ಲ್ಡ್ ಪ್ರದರ್ಶನದಲ್ಲಿ ಆಟ ಕಾಣಿಸಿತು, ಅವತ್ತೇ ಬಿಡುಗಡೆಯೂ ಆಯ್ತು. ತಮ್ಮನನ್ನು ಹುಡುಕಿ ಹೊರಟ ಹುಡುಗಿಯ ಕಥೆಯ ಭಾಗಗಳನ್ನು ಅದರಲ್ಲಿ ನೆರಳಿನ ಗೊಂಬೆಗಳಿಂದ ಹೇಳ್ತಾರೆ. ತೊಗಲುಗೊಂಬೆ ನೋಡಿ ಬೆಳೆದವರಿಗೆ ಅದು ಪರಕೀಯ ಅನಿಸಲ್ಲ.

ನನಗೆ ಅದಕ್ಕಿಂತ ಹತ್ತಿರವಾದದ್ದು 'ವೆಣ್ಬಾ'. 2023ರ ಜುಲೈ 31ಕ್ಕೆ ಬಂತು, ಮಾಡಿದ್ದು ಟೊರೊಂಟೊದ ವಿಸೈ ಗೇಮ್ಸ್. 1980ರ ದಶಕದಲ್ಲಿ ಕೆನಡಾಕ್ಕೆ ಹೋದ ತಮಿಳು ದಂಪತಿಯ ಕಥೆ. ಅಮ್ಮನ ಹಳೇ ಅಡುಗೆ ಪುಸ್ತಕದಲ್ಲಿ ಅಕ್ಷರ ಅಳಿಸಿಹೋಗಿರುತ್ತೆ. ಇಡ್ಲಿ ತಟ್ಟೆ ಹೇಗೆ ಜೋಡಿಸಬೇಕು ಅನ್ನೋದನ್ನೂ ಆಡುವವರೇ ಊಹಿಸಬೇಕು. ಈ ನಡುವೆ ಮಗ ಕವಿನ್ ಮನೆಮಾತಿನಿಂದ ದೂರ ಸರೀತಾ ಹೋಗ್ತಾನೆ. ದೇವರು, ರಾಕ್ಷಸರನ್ನು ಹೊರಗಿನವರಿಗೆ ತೋರಿಸೋದು ಸುಲಭ ರೀ, ಅಡುಗೆಮನೆಯ ಮೌನ ತೋರಿಸೋದು ಕಷ್ಟ. 2024ರಲ್ಲಿ ವೆಣ್ಬಾ ಆ ಸ್ಯಾನ್ ಫ್ರಾನ್ಸಿಸ್ಕೋ ಜಾತ್ರೆಯ ದೊಡ್ಡ ಬಹುಮಾನವನ್ನೂ, ಬ್ರಿಟನ್ನಿನ ಬಾಫ್ಟಾದ ಚೊಚ್ಚಲ ಆಟದ ಪ್ರಶಸ್ತಿಯನ್ನೂ ಗೆದ್ದಿತು. ಹೆಸರು ಮಾತ್ರ ಬದಲಾಯಿಸಿಕೊಳ್ಳಲಿಲ್ಲ.

ಇಲ್ಲಿ ನನ್ನ ತಕರಾರು ಇದೆ. ಅನಿಮೇಷನ್ ಮತ್ತು ಗೇಮಿಂಗ್‌ಗೆ ಅಂತಲೇ ನೀತಿ ತಂದ ದೇಶದ ಮೊದಲ ರಾಜ್ಯ ಕರ್ನಾಟಕ, 2012ರಲ್ಲಿ. ದೇವನಹಳ್ಳಿಯ ವಿಮಾನ ನಿಲ್ದಾಣ ಊರ ಪಕ್ಕದಲ್ಲೇ ಇದೆ, ಐಫೋನ್ ಕೂಡ ಈಗ ಇಲ್ಲೇ ತಯಾರಾಗ್ತಿದೆ. ಪಳಗಿದ ಕೈಗಳೂ ಇವೆ. ಆದರೂ ಒಂದು ಕನ್ನಡದ ಮನೆಯನ್ನ ವೆಣ್ಬಾ ಹಾಗೆ ಜಗತ್ತಿನ ಮುಂದಿಡೋ ಆಟಕ್ಕೆ ನಾನಿನ್ನೂ ಕಾಯ್ತಿದ್ದೀನಿ. ಎಷ್ಟು ಜನಕ್ಕೆ ಕೆಲಸ ಸಿಗುತ್ತೆ ಅಂತ ಎಲ್ಲರೂ ಲೆಕ್ಕ ಹಾಕ್ತಾರೆ. ಯಾರ ಕಥೆ ಅಂತ ಕೇಳೋರು ಕಡಿಮೆ.

ಸರಕಿಗೆ ಬರ ಇಲ್ಲ. ಚೌಕಾಬಾರವನ್ನೇ ತಗೊಳ್ಳಿ. ನಾಲ್ಕು ಕವಡೆಯೂ ಅಂಗಾತ ಬಿದ್ರೆ ನಾಲ್ಕು, ಎಲ್ಲಾ ಬೋರಲು ಬಿದ್ರೆ ಎಂಟು. ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಸುತ್ತಿಗೆ ಕಾಲಿಡೋ ಹಾಗಿಲ್ಲ. ಅದನ್ನಾಡುತ್ತಾ ಅಜ್ಜಿಯಂದಿರು ಆಡೋ ಮಾತುಗಳೇ ಅರ್ಧ ಕಥೆ. ಸ್ಟೀಮ್‌ನಲ್ಲಿ ಒಂದು ಆಟ ಮಾರಾಟಕ್ಕಿಡೋ ಶುಲ್ಕ 100 ಡಾಲರ್. ಕಡಿಮೆ ದುಡ್ಡೇನಲ್ಲ, ಆದರೆ ನಾಲ್ಕು ಜನ ಗೆಳೆಯರು ಸೇರಿದ್ರೆ ಹೊಂದಿಸಬಹುದು. ಹೊಸಕೋಟೆ, ನೆಲಮಂಗಲ ಕಡೆ ಯಾರಾದ್ರೂ ಇಂಥದ್ದೊಂದು ಕಟ್ತಾ ಇದ್ರೆ ನಮಗೆ ವಾಯ್ಸ್ ಮೆಸೇಜ್ ಕಳಿಸಿ.

ಮುಂದಿನ ಕಂತಿನಲ್ಲಿ ಮೈಸೂರಿಗೆ ಹೋಗೋಣ. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ 'ಶ್ರೀತತ್ತ್ವನಿಧಿ'ಯಲ್ಲಿ ಆಟಗಳಿಗೂ ಯಾಕೆ ಜಾಗ ಕೊಟ್ಟರು ಅನ್ನೋದನ್ನ ಅಲ್ಲಿ ಮಾತಾಡೋಣ.