ಕೇಬಲ್ ತುದಿಯ ಕನ್ನಡ

ಕನ್ನಡದ ಮೊದಲ ಖಾಸಗಿ ಉಪಗ್ರಹ ವಾಹಿನಿಯನ್ನು ಶುರುಮಾಡಿದ್ದು ಮದ್ರಾಸಿನ ಕಂಪನಿ. 1993ರ ಏಪ್ರಿಲ್ 14ರ ತಮಿಳು ಹೊಸವರ್ಷಕ್ಕೆ ಸನ್ ಟಿವಿ ಆರಂಭಿಸಿದ ಕಲಾನಿಧಿ ಮಾರನ್, ಮರುವರ್ಷ ಜೂನ್ 1ಕ್ಕೆ ಉದಯ ಟಿವಿಯನ್ನು ತಂದರು. ಬೆಂಗಳೂರಿನಲ್ಲಿ ಕೂತು ಈ ಚರಿತ್ರೆ ಬರೆಯುವವರು ಇದನ್ನು ಒಂದು ಸಾಲಿನಲ್ಲಿ ದಾಟಿ ಧಾರಾವಾಹಿ, ನಿರೂಪಕರು, ಟಿಆರ್‌ಪಿ ಎಂದು ಮುಂದೆ ಹೋಗುತ್ತಾರೆ. ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಕನ್ನಡ ಮನೆಗಳಿಂದ ನೋಡಿದರೆ ದಾಟಿಬಿಟ್ಟ ಆ ಸಾಲೇ ಮುಖ್ಯ. ಯಾವ ಕಾರ್ಯಕ್ರಮ ಚೆನ್ನಾಗಿತ್ತು ಎನ್ನುವುದು ಅಲ್ಲಿ ಆಮೇಲಿನ ಮಾತು. ಚಾನೆಲ್ ಮನೆಗೆ ಬರುತ್ತದೋ ಇಲ್ಲವೋ, ಅದನ್ನು ತೀರ್ಮಾನಿಸುವವರು ಯಾರು ಎನ್ನುವುದು ಮೊದಲ ಮಾತು.

ಆ ಮನೆಗಳು ಅಲ್ಲಿ ನಿನ್ನೆ ಮೊನ್ನೆ ಬಂದವಲ್ಲ. ಮಗ್ಗದ ದೇವಾಂಗರು, ಬೇಸಾಯದ ಒಕ್ಕಲಿಗರು, ಉಡುಮಲೈಪೇಟೆ ಕಡೆಯ ಅನುಪ್ಪ ಗೌಡರು ತಲೆಮಾರುಗಳಿಂದ ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು ಆಡಿಕೊಂಡು ಬಂದವರು. ಕೊಳ್ಳೇಗಾಲ ತಾಲ್ಲೂಕು 1956ರ ನವೆಂಬರ್ 1ರವರೆಗೆ ಕೊಯಮತ್ತೂರು ಜಿಲ್ಲೆಯಲ್ಲೇ ಇತ್ತು. ಅದು ಮೈಸೂರಿಗೆ ಸೇರಿದ ಮೇಲೆ ಜಿಲ್ಲೆಯಲ್ಲಿ ಉಳಿದ ಕನ್ನಡಕ್ಕೆ ಹಿಂಬದಿಯ ಆಸರೆ ತಪ್ಪಿತು. ಮಕ್ಕಳು ಓದಿದ್ದು ತಮಿಳಿನಲ್ಲಿ. ಚೌಡೇಶ್ವರಿ ಹಬ್ಬದಲ್ಲಿ ಕನ್ನಡದಲ್ಲೇ ಹರಕೆ ಹೇಳಿಕೊಳ್ಳುವ ಹಿರಿಯರಲ್ಲೂ ಕನ್ನಡ ಅಕ್ಷರ ಓದಬಲ್ಲವರು ವಿರಳ. ಕನ್ನಡ ಪತ್ರಿಕೆ, ಕನ್ನಡ ಪುಸ್ತಕ ಇವರಿಗೆ ದಕ್ಕುವಂಥವಲ್ಲ. ಟಿವಿ ಕೇಳಿದ್ದು ಕಿವಿಯೊಂದನ್ನೇ. ಹಾಗಾಗಿ ಕನ್ನಡ ಓದು ಬಾರದ ಕನ್ನಡಿಗರಿಗೆ ಹೊರಗಿನಿಂದ ದಿನವೂ ಬರಬಹುದಾದ ಕನ್ನಡವೆಂದರೆ ಬಹುಮಟ್ಟಿಗೆ ಅದೇ ಆಯಿತು.

ದೂರದರ್ಶನದ ಕಾಲದಲ್ಲಿ ಇದು ಸಾಧ್ಯವಿರಲಿಲ್ಲ. ಮದ್ರಾಸ್ ಕೇಂದ್ರ 1975ರಿಂದ ತಮಿಳು ಕೊಡುತ್ತಿತ್ತು. ಬೆಂಗಳೂರಿನ ಕೇಂದ್ರ ಎಂಬತ್ತರ ದಶಕದಲ್ಲಿ ಬಂದರೂ ಅದರ ಪ್ರಸಾರ ಕರ್ನಾಟಕದ ಗೋಪುರಗಳನ್ನೇ ನೆಚ್ಚಿತ್ತು. ನಡುವೆ ಸತ್ಯಮಂಗಲದ ಬೆಟ್ಟಗಳು. ರಾಜ್ಯದ ಗಡಿ ಅಂದರೆ ಆಂಟೆನಾದ ಗಡಿಯೂ ಹೌದು ಎನ್ನುವ ಸ್ಥಿತಿಯನ್ನು ಮುರಿದದ್ದು ಉಪಗ್ರಹ.

ಆದರೆ ಉಪಗ್ರಹದ ದಾರಿಯೂ ಸುತ್ತುಬಳಸಿನದು. ತೊಂಬತ್ತರ ದಶಕದ ಮೊದಲರ್ಧದಲ್ಲಿ ಖಾಸಗಿ ಚಾನೆಲ್‌ಗಳಿಗೆ ಭಾರತದ ನೆಲದಿಂದ ಉಪಗ್ರಹಕ್ಕೆ ಸಂಕೇತ ಕಳಿಸುವ ಅನುಮತಿ ಇರಲಿಲ್ಲ. ರೆಕಾರ್ಡ್ ಆದ ಟೇಪುಗಳು ವಿಮಾನ ಹತ್ತಿ ಹೊರದೇಶಕ್ಕೆ ಹೋಗಿ, ಅಲ್ಲಿಂದ ಆಕಾಶಕ್ಕೇರಿ, ಮತ್ತೆ ನಮ್ಮೂರ ಡಿಶ್‌ಗೆ ಇಳಿಯಬೇಕಿತ್ತು. ಇಳಿದ ಮೇಲೆ ಕಡೆಯ ಮಾತು ಕೇಬಲ್‌ನವರದು. ಕೇಬಲ್ ಕಾಯ್ದೆ ಬಂದದ್ದು 1995ರಲ್ಲಿ. ಅದಕ್ಕೂ ಮೊದಲೇ ಬೀದಿಬೀದಿಗಳಲ್ಲಿ ಮಾಳಿಗೆಯ ಮೇಲೊಂದು ಡಿಶ್ ಇಟ್ಟು ಮನೆಮನೆಗೆ ತಂತಿ ಎಳೆದವರು ಹುಟ್ಟಿಕೊಂಡಿದ್ದರು. ಹಳೆಯ ಅನಲಾಗ್ ತಂತಿಯಲ್ಲಿ ಹಿಡಿಯುವ ಚಾನೆಲ್‌ಗಳಿಗೆ ಮಿತಿಯಿತ್ತು. ತಮಿಳು, ಹಿಂದಿ, ಕ್ರೀಡೆ, ಪಾಲಕ್ಕಾಡಿನ ನೆರೆಯ ಕಾರಣಕ್ಕೆ ಮಲಯಾಳ, ಇಷ್ಟೂ ತುಂಬಿದ ಮೇಲೆ ಜಾಗ ಉಳಿದರೆ ಕನ್ನಡ. ಯಾವ ಬೀದಿಯಲ್ಲಿ ಕನ್ನಡದ ಮನೆ ಹೆಚ್ಚೋ ಆ ಬೀದಿಯ ಆಪರೇಟರ್ ಮನಸ್ಸು ಮಾಡಬೇಕು, ಅಷ್ಟೆ. ಇದಕ್ಕೆ ಕಾನೂನಿನ ಹಕ್ಕು ಯಾವುದೂ ಇರಲಿಲ್ಲ. ಉದಯ ಚೆನ್ನೈ ಮನೆತನದ್ದೇ ಆದದ್ದರಿಂದ ತಮಿಳುನಾಡಿನಲ್ಲಿ ಅದಕ್ಕೆ ದಾರಿ ಸಲೀಸಾಯಿತು ಎಂದೇ ನನ್ನ ಅಂದಾಜು. ಬೆಂಗಳೂರಿನ ಬಂಡವಾಳದಿಂದ ಅದೇ ವರ್ಷ ಒಂದು ಚಾನೆಲ್ ಹುಟ್ಟಿದ್ದರೆ ಕೊಯಮತ್ತೂರಿನ ತಂತಿಗೆ ಅದು ಏರುತ್ತಿತ್ತೇ ಎಂಬುದು ಅನುಮಾನ.

2000ದ ಜುಲೈ 30ರ ರಾತ್ರಿ ತಾಳವಾಡಿ ಬಳಿಯ ಗಾಜನೂರಿನಿಂದ ಕಾಡುಗಳ್ಳ ವೀರಪ್ಪನ್ ಡಾ. ರಾಜ್‌ಕುಮಾರರನ್ನು ಹೊತ್ತೊಯ್ದ. ಗಾಜನೂರು ಈಗ ಈರೋಡು ಜಿಲ್ಲೆಯಲ್ಲಿದ್ದರೂ, ರಾಜ್ ಹುಟ್ಟಿದ 1929ರಲ್ಲಿ ಅದು ಕೊಯಮತ್ತೂರು ಜಿಲ್ಲೆ. ನವೆಂಬರ್ 15ರಂದು ಬಿಡುಗಡೆಯಾಗುವವರೆಗೆ 108 ದಿನ ಎರಡು ರಾಜ್ಯಗಳು ಉಸಿರು ಬಿಗಿಹಿಡಿದಿದ್ದವು. ಆ ದಿನಗಳಲ್ಲಿ ಕನ್ನಡದಲ್ಲಿ ಸುದ್ದಿ ಕೊಡುತ್ತಿದ್ದ ದೊಡ್ಡ ಖಾಸಗಿ ವಾಹಿನಿ ಉದಯವೇ. ರಾಮೋಜಿ ರಾವ್ ಅವರ ಈಟಿವಿ ಕನ್ನಡ ಶುರುವಾದದ್ದು ಡಿಸೆಂಬರ್ 10ರಂದು, ರಾಜ್ ಮನೆಗೆ ಮರಳಿ ಇನ್ನೂ ತಿಂಗಳಾಗಿರಲಿಲ್ಲ. ತಮಿಳುನಾಡಿನ ಕನ್ನಡಿಗರು ಒಂದೇ ಘಟನೆಯನ್ನು ಸನ್‌ನಲ್ಲಿ ತಮಿಳಾಗಿ, ಉದಯದಲ್ಲಿ ಕನ್ನಡವಾಗಿ, ಒಂದೇ ಒಡೆತನದ ಎರಡು ದನಿಗಳಲ್ಲಿ ಕೇಳಬಹುದಿತ್ತು.

ಮುಂದಿನ ದಶಕ ಚಾನೆಲ್‌ಗಳ ಸುಗ್ಗಿ: 2006ರಲ್ಲಿ ಝೀ ಕನ್ನಡ, ಟಿವಿ9, 2007ರಲ್ಲಿ ಸುವರ್ಣ, ಕಸ್ತೂರಿ, 2012ರಲ್ಲಿ ಪಬ್ಲಿಕ್ ಟಿವಿ. ಈಟಿವಿಯಲ್ಲಿ ಟಿ.ಎನ್. ಸೀತಾರಾಮ್ ಅವರ ‘ಮುಕ್ತ’ದಂಥ ಧಾರಾವಾಹಿ, ಎಸ್.ಪಿ. ಬಾಲಸುಬ್ರಹ್ಮಣ್ಯಂ ನಡೆಸಿದ ‘ಎದೆ ತುಂಬಿ ಹಾಡುವೆನು’ ಮಧ್ಯಮವರ್ಗದ ಸಂಜೆಯನ್ನು ಕಟ್ಟಿಕೊಟ್ಟವು. 2015ರಲ್ಲಿ ಆ ವಾಹಿನಿ ಕಲರ್ಸ್ ಕನ್ನಡವಾಯಿತು.

ಇದೇ ಹೊತ್ತಿಗೆ ತಮಿಳುನಾಡಿನಲ್ಲಿ ತಂತಿಗಾಗಿಯೇ ಜಗಳ. 2007ರಲ್ಲಿ ಆಗಿನ ಮುಖ್ಯಮಂತ್ರಿ ಕರುಣಾನಿಧಿ ಕುಟುಂಬಕ್ಕೂ ಅವರ ಸಂಬಂಧಿಕರೇ ಆದ ಮಾರನ್ ಸೋದರರಿಗೂ ವಿರಸವಾಗಿ, ಸನ್ ಸಮೂಹದ ಸುಮಂಗಲಿ ಕೇಬಲ್‌ಗೆ ಎದುರಾಗಿ ಸರ್ಕಾರವೇ ಅರಸು ಕೇಬಲ್ ನಿಗಮ ಕಟ್ಟಿತು. ಮರುವರ್ಷ ರಾಜಿಯಾದ ಮೇಲೆ ನಿಗಮ ಮೂಲೆಗೆ ಬಿತ್ತು. 2011ರ ಸೆಪ್ಟೆಂಬರ್‌ನಲ್ಲಿ ಮುಖ್ಯಮಂತ್ರಿಯಾಗಿದ್ದ ಎದುರಾಳಿ ಜಯಲಲಿತಾ ಅದಕ್ಕೆ ಮರುಜೀವ ಕೊಟ್ಟು ತಿಂಗಳಿಗೆ 70 ರೂಪಾಯಿಗೆ ಕೇಬಲ್ ಕೊಟ್ಟರು. ಶುರುವಿನಲ್ಲಿ ಸನ್ ಸಮೂಹದ ಪೇ ಚಾನೆಲ್‌ಗಳು ಅದರಲ್ಲಿ ಇರಲಿಲ್ಲ. ಕನ್ನಡ ನೋಡುಗನಿಗೆ ಸಂಬಂಧವೇ ಇಲ್ಲದ ಮನೆಜಗಳಕ್ಕೂ ರಾಜಕೀಯ ಹಗೆಗೂ ಅವನ ಟಿವಿ ಹೀಗೆ ಒತ್ತೆಯಾಯಿತು. ಕೈಯಲ್ಲಿ ಕಾಸಿದ್ದವರು ಸ್ವಂತ ಡಿಶ್ ಹಾಕಿಸಿಕೊಂಡು ಕೇಬಲ್‌ನವರ ಹಂಗು ಕಳೆದುಕೊಂಡರು. 2007ರ ಕೊನೆಗೆ ಬಂದ ಡಿಶ್ ಸೇವೆ ಸನ್ ಡೈರೆಕ್ಟ್ ಕೂಡ ಮಾರನ್ ಅವರದೇ ಎನ್ನುವುದು ಬೇರೆ ವಿಷಯ.

ಕರ್ನಾಟಕದ ದೊಡ್ಡ ವಿವಾದವೊಂದು ಇಲ್ಲಿ ಅರ್ಥವನ್ನೇ ಕಳೆದುಕೊಂಡಿತ್ತು: ಬೇರೆ ಭಾಷೆಯ ಸಿನಿಮಾ, ಧಾರಾವಾಹಿಗಳನ್ನು ಕನ್ನಡಕ್ಕೆ ಡಬ್ ಮಾಡಬಾರದೆಂಬ ವಿರೋಧ. 2012ರಲ್ಲಿ ಆಮಿರ್ ಖಾನ್‌ರ ‘ಸತ್ಯಮೇವ ಜಯತೇ’ ಬೇರೆ ಭಾಷೆಗಳಲ್ಲಿ ಬಂದರೂ ಕನ್ನಡದಲ್ಲಿ ಬರಲಿಲ್ಲ. 2015ರಲ್ಲಿ ಸ್ಪರ್ಧಾ ಆಯೋಗ ಈ ತಡೆಯ ವಿರುದ್ಧ ಆದೇಶ ಕೊಟ್ಟ ಮೇಲೂ ಹಿಂಜರಿಕೆ ಹೋಗಲಿಲ್ಲ. 2017ರಲ್ಲಿ ಸನ್‌ನವರು ‘ನಂದಿನಿ’ಯನ್ನು ತೆಲುಗು, ಮಲಯಾಳಕ್ಕೆ ಡಬ್ ಮಾಡಿದರೆ ಕನ್ನಡಕ್ಕೆ ಪ್ರತ್ಯೇಕವಾಗಿ ಚಿತ್ರೀಕರಿಸಿದರು. ಕಟ್ಟು ಸಡಿಲಿದ್ದು 2020ರ ಲಾಕ್‌ಡೌನ್‌ನಲ್ಲಿ, ಝೀ ಕನ್ನಡದ ಡಬ್ ಧಾರಾವಾಹಿ ‘ಮಹಾನಾಯಕ’ದ ಹೊತ್ತಿಗೆ. ಕೊಯಮತ್ತೂರಿನ ಮನೆಯಲ್ಲಾದರೋ ‘ನಂದಿನಿ’ಯಂಥದರ ಮೂಲ ತಮಿಳೂ ರಿಮೋಟಿನ ಎರಡು ಗುಂಡಿ ಆಚೆಗಿತ್ತು. ಅವರಿಗೆ ಕಾಡಿದ ಕೊರತೆ ಬೇರೆ. ಟಿವಿಯಲ್ಲಿ ಬರುವ ಬೆಂಗಳೂರಿನ ಕನ್ನಡ ತಮ್ಮ ಅಜ್ಜಿ ಆಡುವ ಕನ್ನಡವಲ್ಲ. ಇಷ್ಟು ವರ್ಷಗಳಲ್ಲಿ ಮಂಡ್ಯದ, ಹುಬ್ಬಳ್ಳಿಯ, ಮಂಗಳೂರಿನ ಮಾತಿಗೆ ಧಾರಾವಾಹಿಗಳಲ್ಲಿ ನಗೆಪಾತ್ರದ ಜಾಗವಾದರೂ ಸಿಕ್ಕಿತು. ಕೊಯಮತ್ತೂರು ಜಿಲ್ಲೆಯ ಸಿರುಮುಗೈ ಮಗ್ಗದ ಮನೆಯ ಕನ್ನಡಕ್ಕೆ ಅದೂ ಇಲ್ಲ.

ಅಮೆರಿಕದ ಸ್ಪ್ಯಾನಿಷ್ ಟಿವಿಯ ಕಥೆಯನ್ನು ಇದರ ಪಕ್ಕ ಇಟ್ಟು ನೋಡಬೇಕು. 1955ರಲ್ಲಿ ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊದಲ್ಲಿ ರಾವುಲ್ ಕೊರ್ಟೆಸ್ ಸ್ಪ್ಯಾನಿಷ್ ಕೇಂದ್ರ ತೆರೆದರು. ಮುಂದೆ ಮೆಕ್ಸಿಕೊದ ಅಸ್ಕಾರ್ರಗಾ ಮನೆತನದ ಹಣ, ಧಾರಾವಾಹಿಗಳು ಸೇರಿ ಅದು ಯೂನಿವಿಷನ್ ಜಾಲವಾಗಿ ಬೆಳೆಯಿತು. ಅಲ್ಲೂ ಬಂಡವಾಳ ಗಡಿಯಾಚೆಯದು. ಆದರೆ ಕೇಂದ್ರ ಅಲ್ಪಸಂಖ್ಯಾತರ ಊರಲ್ಲೇ ಇತ್ತು, ಊರಿನ ಅಂಗಡಿಯ ಜಾಹೀರಾತು, ಊರಿನ ಸುದ್ದಿ ಅವರ ಭಾಷೆಯಲ್ಲೇ ಬಂತು. ಕೊಯಮತ್ತೂರಿನ ಕನ್ನಡಕ್ಕೆ ಅಂಥ ಒಂದು ಮೂಲೆಯೂ ದೊರೆಯಲಿಲ್ಲ.

2019ರ ಫೆಬ್ರುವರಿಯಲ್ಲಿ ದೂರಸಂಪರ್ಕ ನಿಯಂತ್ರಕ ಸಂಸ್ಥೆ ಟ್ರಾಯ್ ಹೊಸ ದರಪದ್ಧತಿ ತಂದಿತು. ನೂರು ಚಾನೆಲ್‌ಗೆ 130 ರೂಪಾಯಿ ಮತ್ತು ತೆರಿಗೆ, ಪೇ ಚಾನೆಲ್‌ಗಳಿಗೆ ಬೇರೆ ದುಡ್ಡು, ಬೇಕಾದ್ದನ್ನು ನೀವೇ ಆರಿಸಿಕೊಳ್ಳಿ. ಕಾಗದದ ಮೇಲೆ ಇದು ಭಾಷಾ ಅಲ್ಪಸಂಖ್ಯಾತರಿಗೆ ವರ: ಆಪರೇಟರ್ ದಯೆ ಬೇಡ, ದುಡ್ಡು ಕೊಟ್ಟರೆ ಕನ್ನಡ. ವ್ಯವಹಾರದಲ್ಲಿ ಈ ಕನ್ನಡಿಗರು ಎರಡು ಭಾಷೆಯ ಪ್ಯಾಕ್‌ಗೆ ದುಡ್ಡು ಕಟ್ಟಬೇಕಾಯಿತು. ತಮಿಳು ಬಿಡುವಂತಿಲ್ಲ, ಕನ್ನಡ ಹೆಚ್ಚುವರಿ. ತಿಂಗಳ ಖರ್ಚು ಹಿಡಿಯುವಾಗ ಹೆಚ್ಚುವರಿಯೇ ಮೊದಲು ಹೋಗುತ್ತದೆ.

ಈಗ ಸನ್ ನೆಕ್ಸ್ಟ್, ಝೀ5 ಆ್ಯಪ್ ಮತ್ತು ಯೂಟ್ಯೂಬ್ ತುಣುಕುಗಳಿಂದ ತಂತಿಯ ಹಂಗು ಬಹುಮಟ್ಟಿಗೆ ತಪ್ಪಿದೆ. ತಪ್ಪದ್ದು ಲೆಕ್ಕದ ಹಂಗು. ಟಿವಿ ನೋಡುಗರನ್ನು ಎಣಿಸುವ ಬಾರ್ಕ್ ಸಂಸ್ಥೆ ವಾರವಾರ ಕೊಡುವ ರೇಟಿಂಗ್‌ನಲ್ಲಿ ಕರ್ನಾಟಕ ಒಂದು ಮಾರುಕಟ್ಟೆ, ತಮಿಳುನಾಡು ಮತ್ತು ಪುದುಚೇರಿ ಇನ್ನೊಂದು. ಕನ್ನಡ ಚಾನೆಲ್‌ಗಳ ಸ್ಥಾನ ನಿರ್ಧಾರವಾಗುವುದು ಮೊದಲನೆಯದರಲ್ಲಿ, ಜಾಹೀರಾತಿನವರು ಬೆಲೆ ಕಟ್ಟುವುದೂ ಅದಕ್ಕೇ. ತಿರುಪ್ಪೂರು ಜಿಲ್ಲೆಯ ಪಲ್ಲಡದ ಮನೆಯೊಂದರಲ್ಲಿ ಸಂಜೆಯಿಡೀ ಕನ್ನಡ ಧಾರಾವಾಹಿ ಓಡಿದರೂ ಆ ಪಟ್ಟಿಯಲ್ಲಿ ಅದು ಸೊನ್ನೆ.