ಟೈಮಿಂಗ್ ಬೆಲ್ಟು ಮಲೆನಾಡಿಗೆ ಬಂದ ಬಗೆ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ - ಈ ಮೂರು ತಾಲ್ಲೂಕುಗಳಲ್ಲಿ ಇಂದಿಗೂ ರೈಲು ಹಳಿಯಿಲ್ಲ. ಮೈಸೂರು ಸಂಸ್ಥಾನದ ಕಾಲದಲ್ಲಿ ತರೀಕೆರೆಯಿಂದ ನರಸಿಂಹರಾಜಪುರಕ್ಕೆ 2 ಅಡಿ ಅಗಲದ ಹಳಿಯ ಮೇಲೆ ಪುಟ್ಟ ಟ್ರಾಮ್ ಓಡುತ್ತಿತ್ತು. ಅದು ನಿಂತ ಮೇಲೆ ನಮ್ಮ ಜನಕ್ಕೆ ರಸ್ತೆಯೊಂದೇ ಗತಿಯಾಯಿತು. ಹೀಗಾಗಿ ಇಲ್ಲಿಯ ಸಂಚಾರದ ಚರಿತ್ರೆಯೆಂದರೆ ಇಂಜಿನ್ನುಗಳ ಚರಿತ್ರೆ. ಅವನ್ನು ರಿಪೇರಿ ಮಾಡಿದ ಕೈಗಳ ಚರಿತ್ರೆಯೂ ಹೌದು. ಅದರ ಒಂದು ಚಿಕ್ಕ ಅಧ್ಯಾಯವನ್ನು, ಕಾರಿನ ಟೈಮಿಂಗ್ ಬೆಲ್ಟಿನ ಕಥೆಯನ್ನು, ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ವಿಷಯದ ತಿರುಳು. ಇಂಜಿನ್ನಿನೊಳಗೆ ಪಿಸ್ಟನ್ನು ಮೇಲೆ ಕೆಳಗೆ ಆಡುತ್ತ ಕ್ರ್ಯಾಂಕ್ ಶಾಫ್ಟನ್ನು ತಿರುಗಿಸುತ್ತದೆ. ಗಾಳಿ ಒಳಬರುವ, ಹೊಗೆ ಹೊರಹೋಗುವ ವಾಲ್ವುಗಳನ್ನು ತೆರೆಯುವುದು ಕ್ಯಾಮ್ ಶಾಫ್ಟಿನ ಕೆಲಸ. ನಾಲ್ಕು ಹೊಡೆತದ ಇಂಜಿನ್ನಿನಲ್ಲಿ ಕ್ರ್ಯಾಂಕ್ ಎರಡು ಸುತ್ತು ತಿರುಗುವಷ್ಟರಲ್ಲಿ ಕ್ಯಾಮ್ ಸರಿಯಾಗಿ ಒಂದೇ ಸುತ್ತು ತಿರುಗಬೇಕು. ಯಕ್ಷಗಾನದಲ್ಲಿ ಮದ್ದಳೆಗೂ ಕುಣಿತಕ್ಕೂ ಇರುವ ಸಂಬಂಧದಂತೆ ಇದು; ತಾಳ ತಪ್ಪಿದರೆ ಆಟ ಕೆಟ್ಟಿತು. ಈ ತಾಳವನ್ನು ಕಾಯುವ ಸಾಧನ ಮೂರು ಬಗೆಯದು: ಹಲ್ಲುಚಕ್ರ, ಸರಪಳಿ ಮತ್ತು ಪಟ್ಟಿ.

ನಮ್ಮ ರೈತರು ಮೊದಲು ಬಲ್ಲದ್ದು ಹಲ್ಲುಚಕ್ರವನ್ನು. ತೋಟಕ್ಕೆ ನೀರೆತ್ತುವ ಡೀಸೆಲ್ ಪಂಪ್‌ಸೆಟ್ಟನ್ನು ಬಿಚ್ಚಿದವರಿಗೆಲ್ಲ ಅದರೊಳಗಿನ ಎರಡು ಚಕ್ರಗಳ ಹಲ್ಲಿನ ಮೇಲಿನ ಗುರುತುಗಳು ಗೊತ್ತು. ಗುರುತಿಗೆ ಗುರುತು ಕೂಡಿಸಿ ಜೋಡಿಸಿದರೆ ಇಂಜಿನ್ನು ಓಡುತ್ತದೆ. ಬಸ್ಸು, ಲಾರಿಗಳ ದೊಡ್ಡ ಡೀಸೆಲ್ ಇಂಜಿನ್ನುಗಳಲ್ಲೂ ಸಾಮಾನ್ಯವಾಗಿ ಇದೇ ಕ್ರಮ. ಶಂಕರ್ ಕಂಪನಿಯ ಬಸ್ಸುಗಳಲ್ಲಿ, ಆ ಬಳಿಕ ಅದರ ಕಾರ್ಮಿಕರೇ ಒಗ್ಗೂಡಿ 1991ರಲ್ಲಿ ಕೊಪ್ಪದಲ್ಲಿ ಕಟ್ಟಿದ ಸಹಕಾರ ಸಾರಿಗೆಯ ಬಸ್ಸುಗಳಲ್ಲಿ ನಾವೆಲ್ಲ ಓಡಾಡಿದವರು. ಬಸ್ಸು ಓಡಿಸುವವರೇ ಅದರ ಒಡೆಯರೂ ಆಗಿದ್ದ ಆ ಸಂಸ್ಥೆ 2020ರಲ್ಲಿ ಓಡಾಟ ನಿಲ್ಲಿಸಿದಾಗ ಮಲೆನಾಡಿನ ಒಂದು ಕಾಲವೇ ಮುಗಿದಂತಾಯಿತು. ಏರಿನಲ್ಲಿ ಬರುವ ಬಸ್ಸಿನ ದನಿಯನ್ನು ದೂರದಿಂದ ಕೇಳಿಯೇ ಅದು ಯಾವ ಬಸ್ಸೆಂದು ಹೇಳುವವರು ನಮ್ಮೂರಲ್ಲಿ ಅನೇಕರಿದ್ದರು. ಕಿವಿಯೇ ಅವರ ಉಪಕರಣ.

ಎರಡನೆಯದು ಸರಪಳಿ. ಅನುಕೂಲಸ್ಥರ ಮನೆಯಂಗಳದಲ್ಲಿ ನಿಲ್ಲುತ್ತಿದ್ದ ಅಂಬಾಸಿಡರಿನಲ್ಲಿಯೂ ಫಿಯೆಟ್ಟಿನಲ್ಲಿಯೂ ಇದ್ದದ್ದು ಅದೇ. ಎಣ್ಣೆಯಲ್ಲಿ ಮಿಂದು ಓಡುವ ಸರಪಳಿ ಸವೆದು ಸಡಿಲಾದಾಗ ಇಂಜಿನ್ನಿನ ಮುಂಭಾಗದಿಂದ ಗರಗರ ಸದ್ದು ಹೊರಡುತ್ತದೆ. ಬಹಳಷ್ಟು ಸಲ ಅಪಾಯಕ್ಕೆ ಮೊದಲೇ ಎಚ್ಚರಿಕೆ ಸಿಗುತ್ತಿತ್ತು.

ಮೂರನೆಯದಾದ ಹಲ್ಲುಪಟ್ಟಿಯ ಮೂಲ ಕಾರಿನಲ್ಲಿಲ್ಲ. 1940ರ ದಶಕದಲ್ಲಿ ಅದು ಜವಳಿ ಗಿರಣಿಗಳ ಯಂತ್ರಗಳಲ್ಲಿ ಬಳಕೆಯಲ್ಲಿತ್ತು. ದೊಡ್ಡ ಸಂಖ್ಯೆಯಲ್ಲಿ ತಯಾರಾದ ಕಾರಿನೊಳಗೆ ಅದು ಮೊದಲು ಕಂಡದ್ದು 1962ರಲ್ಲಿ, ಜರ್ಮನಿಯ ಗ್ಲಾಸ್ 1004 ಎಂಬ ಪುಟ್ಟ ಕಾರಿನಲ್ಲಿ. 1966ರಲ್ಲಿ ಅಮೆರಿಕದ ಪಾಂಟಿಯಾಕ್ ಮತ್ತು ಇಟಲಿಯ ಫಿಯೆಟ್ ಕಂಪನಿಗಳೂ ಅದನ್ನು ಕೈಗೆತ್ತಿಕೊಂಡವು. ರಬ್ಬರಿನೊಳಗೆ ಗಾಜಿನ ನಾರು ಹುದುಗಿಸಿದ ಪಟ್ಟಿ ಹಗುರ, ಅಗ್ಗ. ಅದಕ್ಕೆ ಎಣ್ಣೆ ಬೇಡ, ಸದ್ದೂ ಇಲ್ಲ.

ನಮ್ಮ ದೇಶದ ಸಾಮಾನ್ಯ ಸಂಸಾರಗಳಿಗೆ ಈ ಪಟ್ಟಿಯನ್ನು ಪರಿಚಯಿಸಿದ್ದು 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800. ಮೂರು ಸಿಲಿಂಡರಿನ, 796 ಸಿ.ಸಿ.ಯ ಆ ಇಂಜಿನ್ನಿನಲ್ಲಿ ಕ್ಯಾಮ್ ಶಾಫ್ಟು ನೆತ್ತಿಯ ಮೇಲಿತ್ತು. ಅದನ್ನು ತಿರುಗಿಸುತ್ತಿದ್ದುದು ಬೆಲ್ಟು. ಅಡಿಕೆಗೆ ಒಳ್ಳೆಯ ಧಾರಣೆ ಬಂದ ವರ್ಷಗಳಲ್ಲಿ ಈ ಕಾರು ನಮ್ಮ ಕಡೆಯ ಅಂಗಳಗಳಿಗೂ ಬಂದಿತು. ಎಷ್ಟೋ ವರ್ಷ ಅನ್ಯರ ಕೈ ದಾಟಿದ ಮೇಲೆ ಅಂಥದೊಂದು ಕಾರು ಮೇಷ್ಟರಾದ ನನ್ನ ಕೈಗೂ ಬಂದಿತು.

ಅದರ ಬೆಲ್ಟನ್ನು ನಮ್ಮ ಮನೆಯ ಮಾಡಿನ ಕೆಳಗೇ ಬದಲಾಯಿಸಿದೆವು. ಕೈಹಾಕಿದವನು ಪಕ್ಕದ ಮನೆಯ ತರುಣ, ಪಂಪ್‌ಸೆಟ್ಟು ರಿಪೇರಿಯಲ್ಲಿ ಪಳಗಿದವನು; ಕೈಪಿಡಿ ಹಿಡಿದು ಓದಿ ಹೇಳುವ ಕೆಲಸ ನನ್ನದು. ಬ್ಯಾಟರಿಯ ತಂತಿ ಕಳಚಿ, ಹೊರಗಿನ ಫ್ಯಾನ್ ಬೆಲ್ಟು, ಪುಲ್ಲಿ, ಮುಚ್ಚಳಗಳನ್ನು ಬಿಚ್ಚಿದೆವು. ಸ್ಪಾರ್ಕ್ ಪ್ಲಗ್ಗುಗಳನ್ನು ತೆಗೆದರೆ ಇಂಜಿನ್ನು ಕೈಯಲ್ಲೇ ಹಗುರವಾಗಿ ತಿರುಗುತ್ತದೆ. ಮೇಲಿನ ಚಕ್ರದ ಗುರುತನ್ನೂ ಕೆಳಗಿನ ಚಕ್ರದ ಗುರುತನ್ನೂ ಅವುಗಳ ನೆಲೆಗೆ ತಂದು, ಟೆನ್ಷನರನ್ನು ಸಡಿಲಿಸಿ ಹಳೆಯ ಪಟ್ಟಿಯನ್ನು ಜಾರಿಸಿ, ಹೊಸದನ್ನು ತೊಡಿಸಿದೆವು. ಬಿಗಿ ಕೂಡಿಸಿದ ಮೇಲೆ ಸ್ಪ್ಯಾನರಿನಿಂದ ಕ್ರ್ಯಾಂಕನ್ನು ಪೂರ್ತಿ ಎರಡು ಸುತ್ತು ತಿರುಗಿಸಿ ಗುರುತುಗಳು ಮತ್ತೆ ಕೂಡಿದವೇ ಎಂದು ನೋಡುವುದು ಮುಖ್ಯ. ಒಂದು ಹಲ್ಲು ಆಚೀಚೆಯಾದರೂ ತಾಳ ತಪ್ಪುತ್ತದೆ. ಕೂಡಿದವು. ಪಂಪ್‌ಸೆಟ್ಟಿನ ವಿದ್ಯೆಯೇ ಇಲ್ಲಿಯೂ ನಡೆಯಿತು.

ಬಿಚ್ಚಿದ ಹಳೆಯ ಪಟ್ಟಿ ಮೇಲುನೋಟಕ್ಕೆ ಚೆನ್ನಾಗಿಯೇ ಇತ್ತು. ಹಿಂದಕ್ಕೆ ಬಾಗಿಸಿ ನೋಡಿದಾಗ ಹಲ್ಲುಗಳ ಬುಡದಲ್ಲಿ ಕೂದಲೆಳೆಯಂಥ ಬಿರುಕುಗಳು ಕಂಡವು. ತರುಣ ಹೇಳಿದ ಮಾತು ನನಗೆ ಮರೆತಿಲ್ಲ: "ಮೇಷ್ಟ್ರೇ, ಚೈನಾದ್ರೆ ಕೂಗಿ ಹೇಳುತ್ತೆ. ಇದು ಮೂಗಿ, ಸಾಯೋ ತನಕ ಬಾಯಿ ಬಿಡಲ್ಲ."

ನನ್ನ ದೃಷ್ಟಿಯಲ್ಲಿ ಈ ಚರಿತ್ರೆಯ ಸಾರವೆಲ್ಲ ಆ ಮಾತಿನಲ್ಲಿದೆ. ಪಟ್ಟಿ ತುಂಡಾದರೆ ಕಾರು ಇದ್ದಲ್ಲೇ ನಿಲ್ಲುತ್ತದೆ. ಅನೇಕ ಇಂಜಿನ್ನುಗಳಲ್ಲಿ, ವಿಶೇಷವಾಗಿ ಡೀಸೆಲ್ಲಿನವುಗಳಲ್ಲಿ, ತೆರೆದೇ ಉಳಿದ ವಾಲ್ವಿಗೆ ಪಿಸ್ಟನ್ನು ಬಡಿದು ಇಂಜಿನ್ನೇ ಹಾಳಾಗುತ್ತದೆ. ಆಷಾಢದ ಮಳೆಯಲ್ಲಿ, ಆಗುಂಬೆ ಘಾಟಿಯ ತಿರುವಿನಲ್ಲಿ, ಮಣಿಪಾಲದ ಆಸ್ಪತ್ರೆಗೆ ರೋಗಿಯನ್ನು ಒಯ್ಯುವಾಗ ಹಾಗಾದರೆ ನಷ್ಟ ಹಣದ ಲೆಕ್ಕಕ್ಕೆ ನಿಲ್ಲುವಂಥದಲ್ಲ. ಸದ್ದು ಕೇಳಿ ರೋಗ ಹೇಳುವ ನಮ್ಮ ಹಿರಿಯರ ವಿದ್ಯೆ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಓಡಿದ ಕಿಲೋಮೀಟರು ಎಷ್ಟು, ಕಳೆದ ವರ್ಷ ಎಷ್ಟು ಎಂಬ ಲೆಕ್ಕವೊಂದೇ ಆಧಾರ. ಕಾರನ್ನು ಕಡಿಮೆ ಓಡಿಸಿದರೂ ರಬ್ಬರಿಗೆ ವಯಸ್ಸಾಗುತ್ತದೆ. ಎಣ್ಣೆ ಸೋರಿ ತಾಗಿದರೆ ಆಯುಸ್ಸು ಇನ್ನೂ ಕಡಿಮೆ. ಕಿವಿಯ ವಿದ್ಯೆಯ ಜಾಗಕ್ಕೆ ಬರವಣಿಗೆಯ ವಿದ್ಯೆ ಬಂದದ್ದು ಹೀಗೆ. ಅಂದಿನಿಂದ ನಮ್ಮ ಮನೆಯ ಅಡಿಕೆ ಲೆಕ್ಕದ ಪುಸ್ತಕದಲ್ಲಿ ಬೆಲ್ಟಿಗೂ ಒಂದು ಪುಟವಿದೆ.

ಕಾಲಚಕ್ರ ಮತ್ತೆ ತಿರುಗಿದೆ. ಮಾರುತಿಯ ಕೆ ಸರಣಿಯ ಇಂಜಿನ್ನುಗಳೂ ಸೇರಿದಂತೆ ಅನೇಕ ಹೊಸ ಇಂಜಿನ್ನುಗಳಲ್ಲಿ ಸರಪಳಿ ಮರಳಿ ಬಂದಿದೆ. ಮಾರುತಿ 800ರ ತಯಾರಿಕೆ 2014ರಲ್ಲಿ ನಿಂತಿತು. ಆದರೂ ಬೆಲ್ಟಿನ ಕಾರುಗಳು ನಮ್ಮ ರಸ್ತೆಗಳಲ್ಲಿ ಇನ್ನೂ ಓಡುತ್ತಿವೆ. ಅವುಗಳಲ್ಲಿ ಅನೇಕವು ಎರಡು ಮೂರು ಕೈ ದಾಟಿ ಬಂದವು. ಬೆಲ್ಟು ಎಂದು ಬದಲಾಯಿತೆಂಬುದು ಈಗಿನ ಒಡೆಯನಿಗೆ ಗೊತ್ತಿರುವುದಿಲ್ಲ. ಹಳೆಯ ಕಾರು ಕೊಳ್ಳುವ ಮಿತ್ರರು ಬಣ್ಣ, ಟೈರು ನೋಡುವ ಮೊದಲು ಈ ಒಂದು ಪ್ರಶ್ನೆ ಕೇಳಲಿ. ಉತ್ತರ ಕಾಗದದಲ್ಲಿ ಇಲ್ಲವೆಂದಾದರೆ, ಮಳೆಗಾಲಕ್ಕೆ ಮೊದಲೇ ಹೊಸ ಪಟ್ಟಿ ಹಾಕಿಸಿ ಅಂದಿನ ತಾರೀಖನ್ನೂ ಮೀಟರಿನ ಅಂಕಿಯನ್ನೂ ಬರೆದಿಡಲಿ.