ಮಾರ್ಬುರ್ಗಿನ ಮೇಜು ಮತ್ತು ಒಂದು ಕ್ರಿಯಾಪದ

ಇಂಗ್ಲಿಷಿನಲ್ಲಿ ದೇವಶಾಸ್ತ್ರವನ್ನು ಅಭ್ಯಾಸ ಮಾಡುವ ನಮ್ಮ ವಿದ್ಯಾರ್ಥಿಗಳು ಒಂದೊಂದು ಪುಟದಲ್ಲಿಯೂ ಹತ್ತಾರು ಸಲ ದಾಟಿಹೋಗುವ ಪುಟ್ಟ ಪದವೊಂದುಂಟು, ಅದು 'ಈಸ್'. 'ಬಿ', 'ಈಸ್', 'ವಾಸ್' ಎಂಬ ರೂಪಗಳು ಒಂದೇ ಕ್ರಿಯಾಪದಕ್ಕೆ ಸೇರಿದವೆಂದು ವ್ಯಾಕರಣವು ಹೇಳಿದರೂ ಅವು ಹುಟ್ಟಿದ್ದು ಬೇರೆ ಬೇರೆ ಪ್ರಾಚೀನ ಧಾತುಗಳಿಂದ. ಅದು ಮಾಡುವ ಕೆಲಸವೂ ಒಂದಲ್ಲ. ಒಂದು ವಸ್ತು ಉಂಟೆಂದು ಹೇಳುವುದಕ್ಕೂ, ಒಂದು ವಸ್ತು ಇಂಥದೆಂದು ಹೇಳುವುದಕ್ಕೂ, ಅದು ಇಂಥ ಸ್ಥಳದಲ್ಲಿದೆಯೆಂದು ಹೇಳುವುದಕ್ಕೂ ಆಂಗ್ಲರಿಗೆ ಇದೇ ಪದ ಸಾಕು. ಲ್ಯಾಟಿನಿನ 'ಎಸ್ಟ್', ಗ್ರೀಕಿನ 'ಎಸ್ತಿನ್' ಇವೂ ಹಾಗೆಯೇ. ದಿನಬಳಕೆಯ ಮಾತಿನಲ್ಲಿ ಇದರಿಂದ ಯಾವ ತೊಡಕೂ ಇಲ್ಲ. ಆದರೆ ಸಭೆಯ ಚರಿತ್ರೆಯಲ್ಲಿ ಒಮ್ಮೆ ಈ ಪದದ ಅರ್ಥವನ್ನು ಕುರಿತು ವಿದ್ವಾಂಸರು ಮುಖಾಮುಖಿಯಾಗಿ ವಾದಿಸಿದರು. ಆ ವಾದದ ಕೊನೆಯಲ್ಲಿ ಸುಧಾರಣೆಯ ಸಭೆಯು ಎರಡಾಯಿತು. 1529ರ ಅಕ್ಟೋಬರ್ ತಿಂಗಳ ಮೊದಲ ದಿನಗಳಲ್ಲಿ ಜರ್ಮನಿಯ ಮಾರ್ಬುರ್ಗ್ ಕೋಟೆಯಲ್ಲಿ ನಡೆದ ಆ ಸಂವಾದವನ್ನು ನಾವು ಇಲ್ಲಿ ಪರಿಶೀಲಿಸಬಯಸುತ್ತೇವೆ.

ಸನ್ನಿವೇಶವು ಒತ್ತಡದ್ದಾಗಿತ್ತು. ಅದೇ ವರ್ಷದ ಏಪ್ರಿಲ್‌ನಲ್ಲಿ ಸ್ಪೈಯರ್ ನಗರದ ಮಹಾಸಭೆಯಲ್ಲಿ ಸುಧಾರಣೆಯ ಪಕ್ಷದ ಅರಸರೂ ನಗರಗಳೂ ಪ್ರತಿಭಟನೆಯನ್ನು ಸಲ್ಲಿಸಿದ್ದರು. 'ಪ್ರೊಟೆಸ್ಟಂಟ್' ಎಂಬ ಹೆಸರು ಹುಟ್ಟಿದ್ದು ಅಲ್ಲಿಂದಲೇ. ಚಕ್ರವರ್ತಿಯ ಬಲದೆದುರು ನಿಲ್ಲಬೇಕಾದರೆ ಜರ್ಮನಿಯ ಮತ್ತು ಸ್ವಿಟ್ಜರ್‌ಲೆಂಡಿನ ಸುಧಾರಕರು ಒಂದಾಗಬೇಕೆಂದು ಹೆಸ್ಸೆಯ ಅರಸನಾದ ಫಿಲಿಪ್ಪನು ಬಲವಾಗಿ ನಂಬಿದ್ದನು. ಅಡ್ಡಿಯಾಗಿದ್ದುದು ಕರ್ತನ ಭೋಜನದ ವಿಷಯವೊಂದೇ. ಆದುದರಿಂದ ಅವನು ಎರಡೂ ಪಕ್ಷದ ಬೋಧಕರನ್ನು ತನ್ನ ಕೋಟೆಗೆ ಕರೆಸಿದನು. ವಿಟೆನ್‌ಬರ್ಗಿನಿಂದ ಲೂಥರನೂ ಮೆಲಾಂಕ್ತನನೂ, ಜೂರಿಕ್ಕಿನಿಂದ ಜ್ವಿಂಗ್ಲಿಯೂ, ಬಾಸೆಲ್‌ನಿಂದ ಈಕೊಲಾಂಪಾಡಿಯಸನೂ, ಸ್ಟ್ರಾಸ್‌ಬರ್ಗಿನಿಂದ ಬೂಟ್ಸರನೂ ಬಂದರು.

ಕರ್ತನು ರೊಟ್ಟಿಯನ್ನು ತೆಗೆದುಕೊಂಡು ಅದನ್ನು ತನ್ನ ದೇಹವೆಂದು ಹೇಳಿ ಶಿಷ್ಯರಿಗೆ ಕೊಟ್ಟನೆಂಬುದರಲ್ಲಿ ಯಾರಿಗೂ ಸಂದೇಹವಿರಲಿಲ್ಲ. ಲ್ಯಾಟಿನ್ ಸತ್ಯವೇದದಲ್ಲಿ ಆ ಮಾತು ನಾಲ್ಕು ಪದಗಳದು. ಅದನ್ನು ಅಕ್ಷರಶಃ ತೆಗೆದುಕೊಳ್ಳಲಾಗದೆಂದು ಹೇಳಿದವರು ಅದರ ಬೇರೆ ಬೇರೆ ಪದಗಳ ಮೇಲೆ ಕೈಯಿಟ್ಟರೆಂಬುದು ಗಮನಿಸತಕ್ಕ ಸಂಗತಿ. ಕಾರ್ಲ್‌ಸ್ಟಾಟನು 'ಇದು' ಎಂಬ ಪದವನ್ನು ಹಿಡಿದನು. ಕರ್ತನು ಹಾಗೆ ಹೇಳುವಾಗ ರೊಟ್ಟಿಯನ್ನಲ್ಲ, ತನ್ನ ದೇಹವನ್ನೇ ತೋರಿಸಿದನೆಂಬುದು ಅವನ ವಾದ. ಈಕೊಲಾಂಪಾಡಿಯಸನು 'ದೇಹ' ಎಂಬ ಪದವನ್ನು ಹಿಡಿದನು. ಅದರ ಅರ್ಥ ದೇಹದ ಗುರುತು ಎಂದನು. ಜ್ವಿಂಗ್ಲಿಯು ಹಿಡಿದದ್ದು ಕ್ರಿಯಾಪದವನ್ನು. ಹೇಗ್ ನಗರದ ನ್ಯಾಯವಾದಿ ಕೊರ್ನೇಲಿಯಸ್ ಹೂನನ ಪತ್ರವೊಂದರಲ್ಲಿ 'ಎಸ್ಟ್' ಎಂಬುದಕ್ಕೆ ಇಲ್ಲಿ 'ಸೂಚಿಸುತ್ತದೆ' ಎಂಬ ಅರ್ಥವಿದೆಯೆಂಬ ವಿವರಣೆಯಿತ್ತು. ಜ್ವಿಂಗ್ಲಿಯು ಅದನ್ನು ಒಪ್ಪಿ 1525ರಲ್ಲಿ ಪ್ರಕಟಿಸಿದನು. ಫರೋಹನ ಕನಸಿನ ಏಳು ಆಕಳುಗಳು ಏಳು ವರ್ಷಗಳೆಂದು ಯೋಸೇಫನು ಹೇಳಿದಾಗ ಆಕಳುಗಳು ವರ್ಷಗಳನ್ನು ಸೂಚಿಸುತ್ತವೆ ಎಂದಲ್ಲದೆ ಬೇರೆ ಅರ್ಥವಿಲ್ಲವಷ್ಟೆ. ಇಲ್ಲಿಯೂ ಹಾಗೆಯೇ ಎಂದನು.

ಲೂಥರನ ಉತ್ತರವು 1528ರಲ್ಲಿ ಕರ್ತನ ಭೋಜನವನ್ನು ಕುರಿತು ಅವನು ಬರೆದ ದೀರ್ಘ ಗ್ರಂಥದಲ್ಲಿದೆ. ಅವನು ಹಟವಾದಿಯೆಂದು ಮಾತ್ರ ತಿಳಿದವರು ಈ ಭಾಗವನ್ನು ಓದಬೇಕು. ಇಲ್ಲಿ ಅವನು ಸೂಕ್ಷ್ಮ ವ್ಯಾಕರಣಜ್ಞ. ಯಾವ ಭಾಷೆಯಲ್ಲಿಯೂ ಈ ಕ್ರಿಯಾಪದಕ್ಕೆ 'ಸೂಚಿಸುತ್ತದೆ' ಎಂಬ ಅರ್ಥವಿಲ್ಲವೆಂದು ಅವನು ವಾದಿಸಿದನು. ಕ್ರಿಸ್ತನನ್ನು ದ್ರಾಕ್ಷೇಬಳ್ಳಿಯೆಂದು ಕರೆದಾಗ ಬದಲಾಗುವುದು ಕ್ರಿಯಾಪದವಲ್ಲ, 'ಬಳ್ಳಿ' ಎಂಬ ಪದ. ಅದು ಹೊಸದೂ ಹಿರಿದೂ ಆದ ಅರ್ಥವನ್ನು ತಾಳುತ್ತದೆ. ಕ್ರಿಸ್ತನು ಆ ನಿಜವಾದ ಬಳ್ಳಿಯನ್ನು ಸೂಚಿಸುವವನಲ್ಲ, ಅವನೇ ಅದು. ಲೂಥರನ ಪಾಲಿಗೆ ಇದು ಶಾಲೆಯ ವಾದವಾಗಿರಲಿಲ್ಲ. ಕಳವಳಗೊಂಡ ಮನಸ್ಸಾಕ್ಷಿಯು ಮೇಜಿನ ಬಳಿಗೆ ಬಂದಾಗ ಅದಕ್ಕೆ ಆಧಾರವಾಗಿರುವುದು ತನ್ನ ನಂಬಿಕೆಯ ಬಲವಲ್ಲ, ಕರ್ತನ ಮಾತು. ಆ ಮಾತನ್ನು ಸಡಿಲಿಸಿದರೆ ಆಧಾರವೇ ಸಡಿಲವಾಗುತ್ತದೆಂದು ಅವನು ಅಂಜಿದನು.

ಅಕ್ಟೋಬರ್ 1ರಂದು ಇಬ್ಬಿಬ್ಬರಾಗಿ ಮಾತುಕತೆ ನಡೆಯಿತು. ಉಗ್ರ ಸ್ವಭಾವದ ಇಬ್ಬರನ್ನು ಮೊದಲೇ ಎದುರುಬದುರು ಕೂರಿಸದೆ ಲೂಥರನನ್ನು ಈಕೊಲಾಂಪಾಡಿಯಸನ ಜೊತೆಗೂ ಜ್ವಿಂಗ್ಲಿಯನ್ನು ಮೆಲಾಂಕ್ತನನ ಜೊತೆಗೂ ಕೂರಿಸಿದರು. ಮರುದಿನ ಮುಖ್ಯ ಸಂವಾದವು ಆರಂಭವಾದಾಗ ಲೂಥರನು ಸೀಮೆಸುಣ್ಣದಿಂದ ಆ ನಾಲ್ಕು ಲ್ಯಾಟಿನ್ ಪದಗಳನ್ನು ಮೇಜಿನ ಮೇಲೆ ಬರೆದು ಮಖಮಲ್ಲಿನ ಹೊದಿಕೆಯನ್ನು ಮುಚ್ಚಿದನು. ಮುಂದೆ ಪ್ರಮಾಣವನ್ನು ಕೇಳಿದಾಗ ಹೊದಿಕೆಯನ್ನು ಎತ್ತಿ ತೋರಿಸಿದನು. ಮಾಂಸವು ಯಾವುದಕ್ಕೂ ಬಾರದೆಂದು ಯೋಹಾನನ ಸುವಾರ್ತೆಯ 6ನೆಯ ಅಧ್ಯಾಯದಲ್ಲಿ ಕರ್ತನು ಹೇಳಿರುವುದನ್ನು ಜ್ವಿಂಗ್ಲಿಯು ಮುಂದಿಟ್ಟು, ಈ ವಚನವು ಎದುರಾಳಿಯ ಕತ್ತನ್ನು ಮುರಿಯುವುದೆಂದನು. ಇದು ಸ್ವಿಟ್ಜರ್‌ಲೆಂಡಲ್ಲ, ಹೆಸ್ಸೆ. ಇಲ್ಲಿ ಕತ್ತುಗಳು ಅಷ್ಟು ಸುಲಭವಾಗಿ ಮುರಿಯುವುದಿಲ್ಲವೆಂದು ಲೂಥರನು ಮರುನುಡಿದನು. ಅದು ತನ್ನ ನಾಡಿನ ಮಾತಿನ ರೀತಿಯೇ ಹೊರತು ಬೆದರಿಕೆಯಲ್ಲವೆಂದು ಜ್ವಿಂಗ್ಲಿಯು ವಿವರಿಸಬೇಕಾಯಿತು. ಪರಲೋಕಕ್ಕೆ ಏರಿಹೋದ ದೇಹವು ಏಕಕಾಲದಲ್ಲಿ ಅನೇಕ ಮೇಜುಗಳ ಮೇಲೆ ಹೇಗೆ ಇರಬಲ್ಲದೆಂಬುದು ಸ್ವಿಸ್ ಪಕ್ಷದ ಪ್ರಶ್ನೆ. ದೇವರ ವಾಕ್ಯದ ಎದುರು ಗಣಿತದ ಲೆಕ್ಕಾಚಾರವು ಸಲ್ಲದೆಂಬುದು ಲೂಥರನ ಉತ್ತರ.

ಆ ದಿನಗಳಲ್ಲಿ ಬೆವರುಜ್ವರವೆಂಬ ಸಾಂಕ್ರಾಮಿಕ ರೋಗವು ಹಬ್ಬುತ್ತಿದ್ದುದರಿಂದ ಸಭೆಯನ್ನು ಬೇಗ ಮುಗಿಸಬೇಕಾಯಿತು. ಹೊರಡುವ ಮುನ್ನ 15 ಕಲಮುಗಳ ಒಪ್ಪಂದಕ್ಕೆ ಎಲ್ಲರೂ ಸಹಿ ಹಾಕಿದರು. ತ್ರಯೈಕತ್ವ, ಕ್ರಿಸ್ತನ ವ್ಯಕ್ತಿತ್ವ, ನಂಬಿಕೆಯಿಂದ ನೀತಿವಂತರಾಗುವುದು, ದೀಕ್ಷಾಸ್ನಾನ ಮೊದಲಾದ 14 ಕಲಮುಗಳಲ್ಲಿ ಪೂರ್ಣ ಒಮ್ಮತವಿತ್ತು. ಕರ್ತನ ಭೋಜನದ 15ನೆಯ ಕಲಮಿನಲ್ಲಿಯೂ ಒಂದೇ ಒಂದು ಅಂಶವನ್ನು ಬಿಟ್ಟು ಉಳಿದೆಲ್ಲದರಲ್ಲಿ ಒಪ್ಪಿದ್ದರು. ಆದರೂ ಜ್ವಿಂಗ್ಲಿಯು ಕಣ್ಣೀರಿನೊಡನೆ ಬೇಡಿದ ಸಹೋದರತ್ವದ ಹಸ್ತವನ್ನು ಲೂಥರನು ನೀಡಲಿಲ್ಲ. ತಮ್ಮ ಆತ್ಮವೂ ಅವರ ಆತ್ಮವೂ ಒಂದೇ ಅಲ್ಲವೆಂದು ಬೂಟ್ಸರನಿಗೆ ಹೇಳಿದನು. ಎರಡು ವರ್ಷಗಳ ಬಳಿಕ, 1531ರ ಅಕ್ಟೋಬರ್‌ನಲ್ಲಿ ಜ್ವಿಂಗ್ಲಿಯು ಕಾಪ್ಪೆಲ್ ಯುದ್ಧದಲ್ಲಿ ಮಡಿದನು. ನವೆಂಬರ್‌ನಲ್ಲಿ ಈಕೊಲಾಂಪಾಡಿಯಸನೂ ತೀರಿಕೊಂಡನು. ಮತ್ತೆ ಮೇಜಿಗೆ ಕೂರುವ ಅವಕಾಶವು ಅವರಿಗೆ ಬರಲಿಲ್ಲ.

ಈಗ ನಾವು ಆ ಕ್ರಿಯಾಪದದ ಕಡೆಗೆ ತಿರುಗೋಣ. ಕರ್ತನು ಆಡಿದ ಅರಮೇಯ ಭಾಷೆಯಲ್ಲಿ ಇಂಥ ವಾಕ್ಯಕ್ಕೆ ಕ್ರಿಯಾಪದವೇ ಬೇಕಾಗಿಲ್ಲ. ಹಿಬ್ರೂವಿನಲ್ಲಿಯೂ ಬೇಕಿಲ್ಲ, ಯೋಸೇಫನು ಕನಸಿನ ಅರ್ಥವನ್ನು ಹೇಳುವ ಮಾತಿನಲ್ಲಿ ಇರುವುದು ಸರ್ವನಾಮವೇ ಹೊರತು ಕ್ರಿಯಾಪದವಲ್ಲ. ಗ್ರೀಕಿನಲ್ಲಿ ಸಹ ಅದು ಇದ್ದೇ ತೀರಬೇಕೆಂದಿಲ್ಲ. ಪಾತ್ರೆಯನ್ನು ಕುರಿತ ಮಾತಿನಲ್ಲಿ ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯು 'ಎಸ್ತಿನ್' ಎಂಬುದನ್ನು ಇಟ್ಟುಕೊಂಡಿದೆ. ಅದೇ ಮಾತನ್ನು ಹೇಳುವ ಲೂಕನ ಸುವಾರ್ತೆಯ 22ನೆಯ ಅಧ್ಯಾಯದ 20ನೆಯ ವಚನದಲ್ಲಿ ಆ ಕ್ರಿಯಾಪದವಿಲ್ಲ. ಹೀಗಿರುವಾಗ ಇಡೀ ಸಿದ್ಧಾಂತದ ಭಾರವನ್ನು ಅದರ ಮೇಲೆ ಹೊರಿಸುವುದು ಎರಡೂ ಪಕ್ಷಕ್ಕೂ ಕ್ಷೇಮವಲ್ಲ.

ನಮ್ಮ ಕನ್ನಡವೂ ಈ ವಿಷಯದಲ್ಲಿ ಅರಮೇಯದ ನೆರೆಯಲ್ಲಿ ನಿಲ್ಲುತ್ತದೆ. 'ಅವರು ಸಭಾಪಾಲಕರು' ಎಂದರೆ ವಾಕ್ಯವು ಪೂರ್ಣ, ಅಲ್ಲಿ ಕ್ರಿಯಾಪದವಿಲ್ಲ. ಹಾಗಾದರೆ ಕನ್ನಡದಲ್ಲಿ ಮಾರ್ಬುರ್ಗಿನ ಜಗಳವೇ ಹುಟ್ಟುತ್ತಿರಲಿಲ್ಲವೆಂದು ಯಾರಾದರೂ ಹೇಳಬಹುದು. ಅದು ಅವಸರದ ತೀರ್ಮಾನ. ಕ್ರಿಯಾಪದವಿಲ್ಲದಿದ್ದರೂ ಪ್ರಶ್ನೆಯು ಉಳಿಯುತ್ತದೆ. ಆದರೆ ನಮ್ಮ ಭಾಷೆಯು ಆ ಪ್ರಶ್ನೆಯನ್ನು ಬಿಡಿಸಿ ಕೇಳಲು ಕಲಿಸುತ್ತದೆ. ಇಂಗ್ಲಿಷಿನವರು ಒಂದೇ ರೀತಿಯಲ್ಲಿ ನಿಷೇಧಿಸುವುದನ್ನು ನಾವು ಎರಡು ರೀತಿಯಲ್ಲಿ ನಿಷೇಧಿಸುತ್ತೇವೆ. 'ಅವರು ಸಭಾಪಾಲಕರಲ್ಲ' ಎಂಬುದು ಒಂದು ಮಾತು. 'ಸಭಾಪಾಲಕರು ಮನೆಯಲ್ಲಿಲ್ಲ' ಎಂಬುದು ಮತ್ತೊಂದು. 'ಅಲ್ಲ' ಎಂಬುದು ಯಾರು, ಏನು ಎಂಬುದಕ್ಕೆ ಉತ್ತರ; 'ಇಲ್ಲ' ಎಂಬುದು ಉಂಟೋ, ಎಲ್ಲಿ ಎಂಬುದಕ್ಕೆ ಉತ್ತರ. ನಮ್ಮ ಪುಟ್ಟ ಮಕ್ಕಳೂ ಇವೆರಡನ್ನು ಬೆರೆಸುವುದಿಲ್ಲ.

ಈ ಬೆಳಕಿನಲ್ಲಿ ಮಾರ್ಬುರ್ಗನ್ನು ಮತ್ತೊಮ್ಮೆ ನೋಡಿದರೆ ಒಂದು ಸಂಗತಿಯು ಸ್ಪಷ್ಟವಾಗುತ್ತದೆ. ಸೀಮೆಸುಣ್ಣದಲ್ಲಿ ಬರೆದ ಮಾತು ಮೊದಲನೆಯ ಬಗೆಯದು: ಇದು ದೇಹವೋ, ಅಲ್ಲವೋ? ಆದರೆ 15ನೆಯ ಕಲಮಿನಲ್ಲಿ ಭಿನ್ನಾಭಿಪ್ರಾಯವೆಂದು ದಾಖಲಾದದ್ದು ಎರಡನೆಯ ಬಗೆಯದು: ಕ್ರಿಸ್ತನ ನಿಜವಾದ ದೇಹವೂ ರಕ್ತವೂ ರೊಟ್ಟಿಯಲ್ಲಿಯೂ ದ್ರಾಕ್ಷಾರಸದಲ್ಲಿಯೂ ದೈಹಿಕವಾಗಿ ಇವೆಯೋ, ಇಲ್ಲವೋ? ಮಾತು ಒಂದರಿಂದ ಮತ್ತೊಂದಕ್ಕೆ ಸರಿದಿತ್ತು. ಎರಡಕ್ಕೂ ಒಂದೇ ಕ್ರಿಯಾಪದವಿದ್ದುದರಿಂದ ಆ ಸರಿಯುವಿಕೆಯನ್ನು ಗುರುತಿಸುವುದು ಕಷ್ಟವಾಗಿತ್ತು. ಜ್ವಿಂಗ್ಲಿಯು 'ಅಲ್ಲ' ಎಂದಾಗ ಲೂಥರನ ಕಿವಿಗೆ ಅದು 'ಇಲ್ಲ' ಎಂದು ಕೇಳಿಸಿತೆಂದು ನಾವು ಹೇಳಬಹುದು. ಮಾರನೆಯ ವರ್ಷ, 1530ರಲ್ಲಿ, ಚಕ್ರವರ್ತಿಗೆ ಸಲ್ಲಿಸಿದ ವಿಶ್ವಾಸದ ವಿವರಣೆಯಲ್ಲಿ ಜ್ವಿಂಗ್ಲಿಯು ನಂಬಿಕೆಯ ಧ್ಯಾನಕ್ಕೆ ಕ್ರಿಸ್ತನ ನಿಜವಾದ ದೇಹವು ಸಮ್ಮುಖವಾಗಿದೆಯೆಂದು ಬರೆದನು. ಅವನು ಮೇಜನ್ನು ಬರಿದಾದದ್ದೆಂದು ಎಣಿಸಿರಲಿಲ್ಲ. ಹಾಗೆಂದು ಅವರಿಬ್ಬರ ಭೇದವು ಬರಿಯ ಪದಗಳದೆಂದೂ ಹೇಳಲಾಗದು. ಏರಿಹೋದ ಕರ್ತನ ಮಾನವತ್ವವು ಎಲ್ಲಿದೆಯೆಂಬುದು ನಿಜವಾದ ಪ್ರಶ್ನೆ. ಅದನ್ನು ಯಾವ ವ್ಯಾಕರಣವೂ ತೀರ್ಮಾನಿಸಲಾರದು.

ಇಲ್ಲಿ ನಮಗೆ ಎಚ್ಚರಿಕೆಯೊಂದುಂಟು. ಇಂಗ್ಲಿಷಿನ ಪ್ರಭಾವದಿಂದ ಎಲ್ಲ ವಾಕ್ಯಗಳ ಕೊನೆಗೂ 'ಆಗಿದೆ' ಎಂದು ಸೇರಿಸುವ ರೂಢಿಯು ನಮ್ಮ ಬರವಣಿಗೆಯಲ್ಲಿ ಹೆಚ್ಚುತ್ತಿದೆ. 'ಆಗು' ಎಂಬ ಧಾತುವಿನ ಮೂಲಾರ್ಥವು ಮಾರ್ಪಡುವುದು. 'ಹಾಲು ಮೊಸರಾಗಿದೆ' ಎಂಬಲ್ಲಿ ಅದು ಸರಿಯಾದ ಪ್ರಯೋಗ. ಸಂಸ್ಕಾರದ ಮಾತಿಗೆ ಅದನ್ನು ಸೇರಿಸಿದರೆ ರೊಟ್ಟಿಯು ಮಾರ್ಪಟ್ಟಿದೆಯೆಂಬ ಅರ್ಥವು ಕೇಳುವವರ ಮನಸ್ಸಿಗೆ ಹೊಳೆಯಬಹುದು. 1215ರ ಲ್ಯಾಟೆರನ್ ಮಹಾಸಭೆಯ ದ್ರವ್ಯಾಂತರದ ಬೋಧನೆಯನ್ನು ಸ್ವೀಕರಿಸುವವರು ತಿಳಿದೇ ಹಾಗೆ ಹೇಳಬಹುದು. ಉಳಿದವರು ತಿಳಿಯದೆ ಹೇಳಬಾರದು. ಭಾಷಾಂತರದ ಒಂದು ಸಣ್ಣ ಪ್ರತ್ಯಯವೂ ಪೀಠದಿಂದ ಬೋಧಿಸುತ್ತದೆ.

ಈ ಚರಿತ್ರೆಯು ನಮಗೆ ದೂರದ್ದಲ್ಲ. ಈಕೊಲಾಂಪಾಡಿಯಸನ ಊರಾದ ಬಾಸೆಲ್‌ನಲ್ಲಿ 1815ರಲ್ಲಿ ಹುಟ್ಟಿದ ಮಿಷನ್ ಸಂಸ್ಥೆಗೆ ವುರ್ಟೆಂಬರ್ಗಿನ ಲೂಥರನ್ ಸಭೆಗಳೂ ಸ್ವಿಸ್ ರಿಫಾರ್ಮ್ಡ್ ಸಭೆಗಳೂ ಕೂಡಿ ಆಧಾರವಾಗಿದ್ದವು. ಅದರ ಮೊದಲ ಮಿಷನೆರಿಗಳು 1834ರಲ್ಲಿ ಮಂಗಳೂರಿಗೆ ಬಂದರು. ಮಾರ್ಬುರ್ಗಿನಲ್ಲಿ ಒಂದಾಗಲಾರದೆ ಹೋದ ಎರಡು ಸಂಪ್ರದಾಯಗಳು ಒಂದೇ ಸಂಸ್ಥೆಯ ಹೆಸರಿನಲ್ಲಿ ನಮ್ಮ ಕರಾವಳಿಗೆ ಕಾಲಿಟ್ಟವು. ಯುರೋಪಿನ ಸಭೆಗಳಿಗೆ ಇನ್ನೂ ಬಹಳ ಕಾಲ ಬೇಕಾಯಿತು. 1973ರ ಮಾರ್ಚ್ 16ರಂದು ಬಾಸೆಲ್‌ಗೆ ಹತ್ತಿರದ ಲಾಯೆನ್‌ಬರ್ಗಿನಲ್ಲಿ ಲೂಥರನ್, ರಿಫಾರ್ಮ್ಡ್ ಮತ್ತು ಐಕ್ಯ ಸಭೆಗಳ ಪ್ರತಿನಿಧಿಗಳು ಒಪ್ಪಂದವೊಂದನ್ನು ಅಂಗೀಕರಿಸಿ, ಹಳೆಯ ಖಂಡನೆಗಳು ಈಗಿನ ಬೋಧನೆಗೆ ತಗಲುವುದಿಲ್ಲವೆಂದೂ ಪರಸ್ಪರರ ಮೇಜಿನಲ್ಲಿ ಪಾಲುಗೊಳ್ಳಬಹುದೆಂದೂ ಸಾರಿದರು. ಕ್ರಿಯಾಪದದ ಅರ್ಥವನ್ನು ಅವರು ಇತ್ಯರ್ಥಗೊಳಿಸಲಿಲ್ಲ. ರೊಟ್ಟಿ ದ್ರಾಕ್ಷಾರಸಗಳೊಡನೆ ತನ್ನನ್ನು ಕೊಡುವವನು ಯಾರೆಂಬುದರಿಂದ ಆರಂಭಿಸಿದರು. ಮಾರ್ಬುರ್ಗಿನಿಂದ ಅಲ್ಲಿಗೆ 443 ವರ್ಷಗಳಿಗೂ ಹೆಚ್ಚು ಕಾಲ ಕಳೆದಿತ್ತು.

ಮಾರ್ಬುರ್ಗಿನ 15ನೆಯ ಕಲಮು ಭಿನ್ನಾಭಿಪ್ರಾಯದೊಡನೆ ಮುಗಿಯುವುದಿಲ್ಲವೆಂಬುದನ್ನು ನಾವು ಮರೆಯಬಾರದು. ಮನಸ್ಸಾಕ್ಷಿಯು ಅನುಮತಿಸುವ ಮಟ್ಟಿಗೆ ಪರಸ್ಪರ ಪ್ರೀತಿಯನ್ನು ತೋರಬೇಕೆಂದೂ ಸರಿಯಾದ ತಿಳಿವಳಿಕೆಗಾಗಿ ಎರಡೂ ಪಕ್ಷದವರು ದೇವರನ್ನು ಪ್ರಾರ್ಥಿಸಬೇಕೆಂದೂ ಅದು ಕೊನೆಯಲ್ಲಿ ಹೇಳುತ್ತದೆ. ಸಹಿ ಹಾಕಿದವರು ಆ ಮಾತನ್ನು ಬಹುಬೇಗ ಮರೆತರು. ಮೇಜಿನ ಹಿಂದೆ ನಿಂತು ರೊಟ್ಟಿಯನ್ನು ಮುರಿಯಬೇಕಾದ ನಮಗೆ ಆ ಪ್ರಾರ್ಥನೆಯು ಇನ್ನೂ ಬಾಕಿಯಿದೆ. ಎದುರಿನವರು 'ಅಲ್ಲ' ಎಂದಾಗ ಅದನ್ನು 'ಇಲ್ಲ' ಎಂದು ಕೇಳಿಸಿಕೊಳ್ಳದಿರುವುದು ಅದಕ್ಕೆ ತಕ್ಕ ಮೊದಲ ಹೆಜ್ಜೆಯೆಂದು ನಾವು ನಂಬುತ್ತೇವೆ.